ದೇವ ಅಡಗಿರುವುದು ‘ಡೆವಿಲ್’ನಲ್ಲಲ್ಲ: ಮಾಟ-ಮಂತ್ರದ ಇಂಗ್ಲಿಷ್ ಪದಗಳ ಮೂಲ ಹುಡುಕುವ ಬಗೆ

‘ಡೆವಿಲ್’ ಪದ ನಮ್ಮ ‘ದೇವ’ದಿಂದಲೇ ಹುಟ್ಟಿತು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕಿವಿಗೆ ಒಪ್ಪುವ ಮಾತು, ಆದರೆ ತಪ್ಪು. ನಿಜವಾದ ನಂಟು ಇದಕ್ಕಿಂತ ಸೊಗಸಾಗಿದೆ: ಇಂಗ್ಲಿಷಿನ ಅಚ್ಚ ಪದಗಳಲ್ಲಿ ‘ದೇವ’ನ ಒಡಹುಟ್ಟು ಕೂತಿರುವುದು ಮಂಗಳವಾರವನ್ನು ಹೇಳುವ ‘ಟ್ಯೂಸ್‌ಡೇ’ಯ ಒಳಗೆ. ಮೊದಲ ಮಾತನ್ನು ಬಿಟ್ಟು ಎರಡನೆಯದನ್ನು ಯಾಕೆ ನಂಬಬೇಕು ಎಂದು ನೀವೇ ಪರೀಕ್ಷಿಸಿ ನೋಡಬಹುದು. ಭಾಷಾವಿಜ್ಞಾನದ ಪದವಿ ಬೇಕಿಲ್ಲ. ಒಂದು ನೋಟ್‌ಬುಕ್, ಇಂಟರ್ನೆಟ್, ಪದವೊಂದಕ್ಕೆ ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು. ಅಭ್ಯಾಸಕ್ಕೆ ಮಾಟ, ಮಂತ್ರ, ದೆವ್ವಗಳ ಪದಗಳೇ ಒಳ್ಳೆಯವು. ಭಯ, ಬೆರಗು ಇರುವ ಕಡೆ ಕಟ್ಟುಕಥೆ ಬೇಗ ಹಬ್ಬುತ್ತದೆ. ಇಲ್ಲಿ ಜರಡಿ ಹಿಡಿಯಲು ಕಲಿತ ಕೈಗೆ ಉಳಿದ ಪದಗಳು ಹಗುರ.

ಮೊದಲು ಸಲಕರಣೆ

ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ: ಪದ, ಮೊದಲ ದಾಖಲೆಯ ಕಾಲ, ಆಗಿನ ಅರ್ಥ, ಬಂದ ದಾರಿ, ಎಷ್ಟು ಖಚಿತ. ಕೊನೆಯ ಅಂಕಣವನ್ನು ಬಿಡಬೇಡಿ. ಹೆಚ್ಚಿನ ತಪ್ಪುಗಳು ‘ಬಹುಶಃ’ ಎಂದು ಬರೆಯಬೇಕಾದಲ್ಲಿ ‘ಹೌದು’ ಎಂದು ಬರೆದಾಗಲೇ ಆಗುತ್ತವೆ.

ಆಕರಗಳಲ್ಲಿ ಮೊದಲು ತೆರೆಯಬೇಕಾದದ್ದು ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮ್‌ಆನ್‌ಲೈನ್ ತಾಣ. ಅದು ಉಚಿತ, ಕಾಲವನ್ನೂ ಕೊಡುತ್ತದೆ. ಹಳೆಯ ಇಂಗ್ಲಿಷಿಗೆ ಬಾಸ್‌ವರ್ತ್-ಟೋಲರ್ ನಿಘಂಟು, ನಡುಗಾಲದ ಇಂಗ್ಲಿಷಿಗೆ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು, ಇವೆರಡೂ ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲಕ್ಕೂ ಮೇಲಿನ ಸಾಕ್ಷಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಈಗಿನ ಆವೃತ್ತಿಗೆ ಚಂದಾ ಬೇಕು, ಆದರೆ 1884ರಿಂದ 1928ರವರೆಗೆ ಕಂತುಗಳಲ್ಲಿ ಬಂದ ಮೊದಲ ಆವೃತ್ತಿಯ ಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಸಂಸ್ಕೃತದ ಕಡೆಗೆ ಮೋನಿಯರ್ ವಿಲಿಯಮ್ಸ್, ಕನ್ನಡದ ಕಡೆಗೆ 1894ರ ಕಿಟ್ಟೆಲ್ ನಿಘಂಟು. ಭಾರತದಿಂದ ಇಂಗ್ಲಿಷಿಗೆ ಹೋದ ಪದವಾದರೆ 1886ರ ಹಾಬ್ಸನ್-ಜಾಬ್ಸನ್ ನಿಘಂಟು.

ನಿಘಂಟುಗಳ ಚಿಹ್ನೆಗಳಲ್ಲಿ ಎರಡನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಕೋನದ ಗುರುತಿನ (< ಅಥವಾ >) ಮೊನೆ ಯಾವ ಪದದ ಕಡೆಗಿದೆಯೋ ಅದು ಈಚಿನ ರೂಪ. ಪದದ ಮುಂದೆ, ಮೊದಲ ಅಕ್ಷರಕ್ಕೂ ಮೊದಲು, ನಕ್ಷತ್ರವಿದ್ದರೆ (*) ಆ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಮರುಕಟ್ಟಿದ್ದು. ನಕ್ಷತ್ರವನ್ನು ನಿಮ್ಮ ನೋಟ್‌ಬುಕ್ಕಿಗೂ ಮರೆಯದೆ ಇಳಿಸಿಕೊಳ್ಳಿ.

ಹಂತ 1: ಒಂದೇ ಕಾಗುಣಿತದ ಬೇರೆ ಪದಗಳನ್ನು ಬಿಡಿಸಿ

‘ಸ್ಪೆಲ್’ ತೆಗೆದುಕೊಳ್ಳಿ. ಮಂತ್ರ ಎಂಬ ಅರ್ಥದ ಸ್ಪೆಲ್, ಅಕ್ಷರ ಜೋಡಿಸಿ ಹೇಳುವ ಸ್ಪೆಲ್, ಸ್ವಲ್ಪ ಕಾಲ ಎಂಬ ಅರ್ಥದ ಸ್ಪೆಲ್, ಕಾಗದದ ಮೇಲೆ ಮೂರೂ ಒಂದೇ. ಮೊದಲನೆಯದು ಹಳೆಯ ಇಂಗ್ಲಿಷಿನಲ್ಲಿ ‘ಮಾತು, ಕಥೆ’ ಎಂಬ ಸಾದಾ ಪದ. ‘ಗಾಸ್ಪೆಲ್’ನಲ್ಲಿ ಇರುವುದೂ ಅದೇ, ‘ಗೋಡ್‌ಸ್ಪೆಲ್’ ಎಂದರೆ ಒಳ್ಳೆಯ ಸುದ್ದಿ, ಅಂದರೆ ಸುವಾರ್ತೆ. ಆಡಿದ ಮಾತಿಗೆ ಶಕ್ತಿಯುಂಟು ಎಂಬ ನಂಬಿಕೆ ಗಟ್ಟಿಯಾಗಿ ಮಂತ್ರದ ಅರ್ಥ ನಿಂತದ್ದು 16ನೆಯ ಶತಮಾನದಲ್ಲಿ. ಎರಡನೆಯದು ಅದೇ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಮೊದಲಾದ ಭಾಷೆಗಳ ಕುಟುಂಬ) ಬೇರಿನದೇ, ಆದರೆ ಹಳೆಯ ಫ್ರೆಂಚಿಗೆ ಹೋಗಿ ‘ಎಸ್ಪೆಲೆರ್’ ಆಗಿ ಸುತ್ತು ಹಾಕಿ ಬಂದದ್ದು. ಮೂರನೆಯದಕ್ಕೆ ಇವುಗಳ ಸಂಬಂಧವೇ ಇಲ್ಲ. ಅದು ‘ಒಬ್ಬರ ಬದಲಿಗೆ ನಿಲ್ಲು’ ಎಂಬ ಅರ್ಥದ ‘ಸ್ಪೆಲಿಯನ್’ ಕ್ರಿಯಾಪದದಿಂದ, ಸರದಿಯ ಕೆಲಸದಿಂದ ಬಂದದ್ದು. ನಿಘಂಟು ಇವನ್ನು ಸ್ಪೆಲ್ 1, 2, 3 ಎಂದು ಬೇರೆ ಬೇರೆ ನಮೂದುಗಳಲ್ಲಿ ಕೊಡುತ್ತದೆ. ಮೊದಲು ಸಿಕ್ಕಿದ ನಮೂದನ್ನೇ ಓದಿ ಹೊರಟರೆ ಪೂರ್ತಿ ದಾರಿ ತಪ್ಪುತ್ತದೆ.

‘ನೈಟ್‌ಮೇರ್’ ಕೂಡ ಹೀಗೆಯೇ. ‘ಮೇರ್’ ಎಂದರೆ ಹೆಣ್ಣುಕುದುರೆ ಎಂದು ತಿಳಿದು ಕಪ್ಪು ಕುದುರೆಯ ಚಿತ್ರ ಬರೆದವರಿದ್ದಾರೆ. ಇಲ್ಲಿಯ ‘ಮೇರ್’ ಬೇರೆಯೇ: ಮಲಗಿದವರ ಎದೆಯ ಮೇಲೆ ಕೂತು ಉಸಿರುಗಟ್ಟಿಸುವ ಪಿಶಾಚಿ. ಫ್ರೆಂಚಿನಲ್ಲಿ ದುಃಸ್ವಪ್ನಕ್ಕೆ ಇರುವ ‘ಕೊಶ್‌ಮಾರ್’ನ ಕೊನೆಯ ತುಂಡೂ ಅದೇ ಪಿಶಾಚಿ.

ಹಂತ 2: ಮೊದಲ ದಾಖಲೆಯ ಕಾಲ ಮತ್ತು ಆಗಿನ ಅರ್ಥ

ಮೊದಲ ದಾಖಲೆಯ ವರ್ಷ ಪದ ಹುಟ್ಟಿದ ವರ್ಷವಲ್ಲ. ಬರಹದಲ್ಲಿ ಮೊದಲು ಕಣ್ಣಿಗೆ ಬಿದ್ದ ವರ್ಷ. ಆದರೂ ಅದು ಬೇಲಿಯಂತೆ ಕೆಲಸ ಮಾಡುತ್ತದೆ. ಕಾರಣ ಎಂದು ಹೇಳಲಾಗುವ ಘಟನೆ ಪದಕ್ಕಿಂತ ಈಚಿನದಾದರೆ ಆ ಕಥೆಯನ್ನು ಅಲ್ಲಿಗೇ ಕೈಬಿಡಬಹುದು.

ವರ್ಷದ ಪಕ್ಕದಲ್ಲಿ ಆಗಿನ ಅರ್ಥವನ್ನು ಬರೆಯಿರಿ, ಈಗಿನದನ್ನಲ್ಲ. ‘ವಿಜರ್ಡ್’ 15ನೆಯ ಶತಮಾನದಲ್ಲಿ ಕಾಣಿಸಿಕೊಂಡಾಗ ಬರಿಯ ‘ಜಾಣ, ಪಂಡಿತ’. ‘ವೈಸ್’ಗೆ ‘-ಅರ್ಡ್’ ಹತ್ತಿದೆ. ‘ಡ್ರಂಕರ್ಡ್’, ‘ಕವರ್ಡ್’ಗಳಲ್ಲಿರುವ, ಸ್ವಲ್ಪ ಕೀಳುಗಳೆಯುವ ಪ್ರತ್ಯಯವೇ ಅದು. ಜಾದೂಗಾರ ಎಂಬ ಅರ್ಥ ಮುಂದಿನ ಶತಮಾನದ್ದು. ‘ವಿಯರ್ಡ್’ ಇನ್ನೂ ದೂರ ಸರಿದಿದೆ. ಹಳೆಯ ಇಂಗ್ಲಿಷಿನ ‘ವ್ಯೂರ್ಡ್’ ಎಂದರೆ ವಿಧಿ. ಮ್ಯಾಕ್‌ಬೆತ್ ನಾಟಕದ ‘ವಿಯರ್ಡ್ ಸಿಸ್ಟರ್ಸ್’ ವಿಚಿತ್ರ ಹೆಂಗಸರಲ್ಲ, ಹಣೆಬರಹ ನುಡಿಯುವ ಸೋದರಿಯರು. ಶೇಕ್ಸ್‌ಪಿಯರ್‌ನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ಮೊದಲ ಸಂಪುಟದಲ್ಲಿ ಆ ಪದವನ್ನು ‘ವೇವರ್ಡ್’ ಎನ್ನುವ ಹಾಗೆಲ್ಲ ಅಚ್ಚು ಹಾಕಿದ್ದಾರೆ. ಮೊಳೆ ಜೋಡಿಸಿದವರಿಗೇ ಆ ಹೊತ್ತಿಗೆ ಪದದ ಗುರುತು ಹತ್ತಿರಲಿಲ್ಲವೆನ್ನಿಸುತ್ತದೆ. ‘ವಿಚಿತ್ರ’ ಎಂಬ ಇಂದಿನ ಅರ್ಥ 19ನೆಯ ಶತಮಾನದ್ದು, ಅದಕ್ಕೆ ಆ ನಾಟಕದ ರಂಗಪ್ರಯೋಗಗಳೇ ದಾರಿ ಮಾಡಿಕೊಟ್ಟವು.

ಹಂತ 3: ಯಾವ ಬಾಗಿಲಿನಿಂದ ಒಳಗೆ ಬಂತು

ಹಳೆಯ ಇಂಗ್ಲಿಷಿನಲ್ಲೇ ಇದ್ದ ಮನೆಮಂದಿ: ವಿಚ್, ಎಲ್ಫ್, ಗೋಸ್ಟ್, ಸ್ಪೆಲ್, ವಿಯರ್ಡ್, ವೇರ್‌ವುಲ್ಫ್. ಚಿಕ್ಕ ಪದಗಳು, ಗಡುಸು ವ್ಯಂಜನಗಳು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಬಂದವು: ಚಾರ್ಮ್, ಎನ್‌ಚಾಂಟ್, ಫೇರಿ, ಸಾರ್ಸರಿ. ಇವುಗಳ ಹಿಂದೆ ಬಹುಮಟ್ಟಿಗೆ ಲ್ಯಾಟಿನ್ ಇರುತ್ತದೆ. ಚಾರ್ಮ್‌ನ ಹಿಂದೆ ‘ಕಾರ್ಮೆನ್’ ಎಂದರೆ ಹಾಡು. ಎನ್‌ಚಾಂಟ್‌ನ ಹಿಂದೆ ‘ಕಾಂತಾರೆ’ ಎಂದರೆ ಹಾಡುವುದು. ಸಾರ್ಸರಿಯ ಹಿಂದೆ ‘ಸೋರ್ಸ್’ ಎಂದರೆ ಶಕುನಕ್ಕೆ ಎತ್ತುವ ಚೀಟಿ. ಅರಬ್ಬಿಯಿಂದ ಬಂದವು ಎಲಿಕ್ಸರ್ (ಸಂಜೀವಿನಿ ರಸ), ಟ್ಯಾಲಿಸ್ಮನ್ (ತಾಯಿತ), ಗೂಲ್ (ಹೆಣ ತಿನ್ನುವ ಪಿಶಾಚಿ). ಮೊದಲಿನ ಎರಡಕ್ಕೂ ಅರಬ್ಬಿಯ ಹಿಂದೆ ಗ್ರೀಕ್ ಇದೆ, ಆದ್ದರಿಂದ ಅರಬ್ಬಿಯಲ್ಲೇ ನಿಂತುಬಿಡಬೇಡಿ. ‘ವ್ಯಾಂಪೈರ್’ ಸುದ್ದಿಯ ಬೆನ್ನೇರಿ ಬಂದದ್ದು: ಸೆರ್ಬಿಯಾದ ಹಳ್ಳಿಯೊಂದರಲ್ಲಿ ಹೆಣಗಳನ್ನು ಅಗೆದು ನೋಡಿದ ವರದಿ 1732ರಲ್ಲಿ ಲಂಡನ್ ಪತ್ರಿಕೆಗಳಲ್ಲಿ ಅಚ್ಚಾಯಿತು.

ಕಾಗುಣಿತವನ್ನು ನೋಡಿ ಬಾಗಿಲು ಊಹಿಸುವಾಗ ಎಚ್ಚರ ಬೇಕು. ‘ಗೋಸ್ಟ್’ ಮತ್ತು ‘ಗೂಲ್’ ಎರಡೂ ಜಿ, ಎಚ್ ಅಕ್ಷರಗಳಿಂದ ಶುರುವಾಗುತ್ತವೆ. ಗೂಲ್‌ನ ಎಚ್‌ಗೆ ಅರ್ಥವಿದೆ, ಅದು ಗಂಟಲಿನಿಂದ ಹೊರಡುವ ಅರಬ್ಬಿಯ ‘ಗೈನ್’ ಅಕ್ಷರಕ್ಕೆ ಹಾಕಿದ ಗುರುತು. ಗೋಸ್ಟ್‌ನ ಎಚ್‌ಗೆ ಉಚ್ಚಾರಣೆಯ ಕಾರಣ ಯಾವುದೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಗಾಸ್ಟ್’, ಎಚ್ ಇಲ್ಲ, ಅರ್ಥ ಉಸಿರು ಮತ್ತು ಆತ್ಮ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಅದಕ್ಕೆ ಮೊದಲು ಬಹಳ ಕಾಲ ಬ್ರೂಜ್ ಪಟ್ಟಣದಲ್ಲಿದ್ದವನಿಗೆ ಫ್ಲೆಮಿಶ್ ಕಾಗುಣಿತ ಕೈಗೆ ಹತ್ತಿತ್ತು, ಅಲ್ಲಿ ಈ ಪದಕ್ಕೆ ಎಚ್ ಇತ್ತು. ಅವನ ಅಚ್ಚಿನಲ್ಲಿ ಬಂದ ಎಚ್ ಇಂದಿಗೂ ಉಳಿದಿದೆ. ಇಂಗ್ಲಿಷಿನಲ್ಲಿ ಸತ್ತರೆ ‘ಗೋಸ್ಟ್ ಕೊಟ್ಟ’ ಎನ್ನುವ ಹಳೆಯ ನುಡಿಗಟ್ಟಿದೆಯಲ್ಲ, ಅಲ್ಲಿಯ ಗೋಸ್ಟ್ ದೆವ್ವವಲ್ಲ. ನಮ್ಮ ‘ಪ್ರಾಣ ಬಿಟ್ಟ’ ಇದ್ದ ಹಾಗೆಯೇ.

ಹಂತ 4: ಒಂದೊಂದೇ ಮೆಟ್ಟಿಲು ಇಳಿಯಿರಿ

‘ಗ್ಲಾಮರ್’ ಪದ ‘ಗ್ರಾಮರ್’ನಿಂದ ಬಂತು ಎಂದರೆ ಯಾರೂ ಮೊದಲ ಬಾರಿಗೆ ನಂಬುವುದಿಲ್ಲ. ಎರಡು ತುದಿಗಳನ್ನು ಮಾತ್ರ ಹಿಡಿದರೆ ನಂಬಲೂ ಬಾರದು. ನಡುವಿನ ಮೆಟ್ಟಿಲುಗಳನ್ನು ಎಣಿಸಿ.

ಗ್ರೀಕಿನ ‘ಗ್ರಮ್ಮ’ ಎಂದರೆ ಅಕ್ಷರ, ಅದರ ಶಾಸ್ತ್ರ ಲ್ಯಾಟಿನ್ನಿನಲ್ಲಿ ‘ಗ್ರಮ್ಮಾಟಿಕ’. ಹಳೆಯ ಫ್ರೆಂಚಿನಲ್ಲಿ ‘ಗ್ರಾಮೇರ್’ ಆಗುವ ಹೊತ್ತಿಗೆ ಅದು ವ್ಯಾಕರಣವಷ್ಟೇ ಅಲ್ಲ, ಲ್ಯಾಟಿನ್ ಓದಿದವರ ಒಟ್ಟು ವಿದ್ಯೆ. ಓದಲು ಬಾರದ ಊರಿನಲ್ಲಿ ಪುಸ್ತಕ ಹಿಡಿದವನು ಏನು ಓದುತ್ತಾನೋ ಯಾರು ಬಲ್ಲರು? ಜನರ ಕಣ್ಣಿಗೆ ಅವನ ವಿದ್ಯೆ ಮಾಟವಾಯಿತು. ಇಂಗ್ಲಿಷಿನಲ್ಲಿ ‘ಗ್ರಾಮರೈ’ ಎಂದರೆ ಗುಪ್ತವಿದ್ಯೆ ಎಂಬ ಅರ್ಥ ಬಂತು. ಫ್ರೆಂಚಿನಲ್ಲಿ ಅದೇ ಪದ ಸ್ವಲ್ಪ ತಿರುಚಿಕೊಂಡು ಮಂತ್ರದ ಪುಸ್ತಕಕ್ಕೆ ‘ಗ್ರಿಮುವಾರ್’ ಎಂಬ ಹೆಸರಾಯಿತು. ಸ್ಕಾಟ್ಲೆಂಡಿನಲ್ಲಿ ಎರಡು ‘ರ’ಗಳಲ್ಲಿ ಒಂದು ‘ಲ’ ಆಯಿತು. ನಾಲಿಗೆ ಹೀಗೆ ಜಾರುವುದು ಅಪರೂಪವಲ್ಲ. ಲ್ಯಾಟಿನ್ನಿನ ‘ಪೆರೆಗ್ರಿನುಸ್’ ಇಂಗ್ಲಿಷಿನಲ್ಲಿ ‘ಪಿಲ್‌ಗ್ರಿಮ್’ ಆದದ್ದೂ ಇದೇ ಕಾರಣಕ್ಕೆ. 18ನೆಯ ಶತಮಾನದ ಆರಂಭದಲ್ಲಿ ಸ್ಕಾಟ್ ಬರಹಗಳಲ್ಲಿ ‘ಗ್ಲಾಮರ್’ ಎಂದರೆ ಕಣ್ಣುಕಟ್ಟು. ಕಣ್ಣಿನ ಮೇಲೆ ಅದನ್ನು ‘ಎರಚುತ್ತಿದ್ದರು’. ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದನ್ನು ಇಂಗ್ಲೆಂಡಿನ ಓದುಗರ ಬಾಯಿಗೆ ತಂದ. ಚೆಲುವು ಎಂಬ ಅರ್ಥ ಪಕ್ಕಾ ಆದದ್ದು 20ನೆಯ ಶತಮಾನದ ಸಿನಿಮಾ ಪ್ರಚಾರದಲ್ಲಿ.

ಪ್ರತಿ ಮೆಟ್ಟಿಲಿಗೂ ಎರಡು ಪ್ರಶ್ನೆ ಹಾಕಿ: ಧ್ವನಿ ಯಾಕೆ ಬದಲಾಯಿತು? ಅರ್ಥ ಯಾಕೆ ಜರುಗಿತು? ಒಂದಕ್ಕೆ ಉತ್ತರವಿಲ್ಲದಿದ್ದರೂ ಖಚಿತತೆಯ ಅಂಕಣದಲ್ಲಿ ಒಂದು ದರ್ಜೆ ಇಳಿಸಿ.

ಹಂತ 5: ಕಿವಿಯನ್ನು ನಂಬಬೇಡಿ, ನಿಯಮವನ್ನು ನೋಡಿ

ಕನ್ನಡಿಗರಿಗೆ ಇದು ಹೊಸದಲ್ಲ. ಹಳಗನ್ನಡದ ಪಾಲ್, ಪೋಗು, ಪುಲಿ ಇಂದು ಹಾಲು, ಹೋಗು, ಹುಲಿ. ಪದದ ಮೊದಲಿನ ‘ಪ’ ಸಾಲುಸಾಲಾಗಿ ‘ಹ’ ಆಯಿತು, ಒಂದೆರಡು ಪದಗಳಲ್ಲಿ ಮಾತ್ರ ಅಲ್ಲ. ಜರ್ಮಾನಿಕ್ ಭಾಷೆಗಳಲ್ಲೂ ಇಂಥದೇ ಸಾಲು ಬದಲಾವಣೆ ನಡೆಯಿತು. 1822ರಲ್ಲಿ ಜರ್ಮನ್ ಭಾಷಾಪಂಡಿತ ಯಾಕೋಬ್ ಗ್ರಿಮ್ ಅದನ್ನು ನಿಯಮವಾಗಿ ಬರೆದಿಟ್ಟ. ಸಂಸ್ಕೃತ ‘ಪಿತೃ’ವಿನ ‘ಪ’ ಇಂಗ್ಲಿಷಿನ ‘ಫಾದರ್’ನಲ್ಲಿ ‘ಫ’, ‘ಭ್ರಾತೃ’ವಿನ ‘ಭ’ ‘ಬ್ರದರ್’ನಲ್ಲಿ ‘ಬ’. ಸಂಸ್ಕೃತದ ‘ದ’ ಇಂಗ್ಲಿಷಿನ ಅಚ್ಚ ಪದಗಳಲ್ಲಿ ‘ಟ’ ಆಗುತ್ತದೆ: ‘ದಶ’ ಮತ್ತು ‘ದ್ವಿ’ಗೆ ‘ಟೆನ್’ ಮತ್ತು ‘ಟೂ’.

ಈಗ ಡೆವಿಲ್ ಪರೀಕ್ಷಿಸಿ. ಅದು ‘ದೇವ’ನ ಅಚ್ಚ ಇಂಗ್ಲಿಷ್ ಸೋದರವಾಗಿದ್ದರೆ ‘ಟ’ಕಾರದಿಂದ ಶುರುವಾಗಬೇಕಿತ್ತು. ಹಾಗೆ ಶುರುವಾಗುವ ಪದ ಇದೆ: ಹಳೆಯ ದೇವತೆ ‘ಟೀವ್’, ಅವನ ದಿನವೇ ‘ಟ್ಯೂಸ್‌ಡೇ’. ಹಾಗಾದರೆ ‘ದ’ಕಾರದ ಡೆವಿಲ್ ಎರವಲು ಇರಬೇಕು, ಎರವಲಾದರೆ ದಾರಿ ತೋರಿಸಬೇಕು. ತೋರಿಸಬಹುದು: ಹಳೆಯ ಇಂಗ್ಲಿಷ್ ‘ದೆಯೊಫೊಲ್’, ಅದರ ಹಿಂದೆ ಲ್ಯಾಟಿನ್ ‘ದಿಯಾಬೊಲುಸ್’, ಅದರ ಹಿಂದೆ ಗ್ರೀಕ್ ‘ದಿಯಾಬೊಲೊಸ್’. ‘ದಿಯಾ’ ಎಂದರೆ ಅಡ್ಡಲಾಗಿ, ‘ಬಲ್ಲೈನ್’ ಎಂದರೆ ಎಸೆ. ಒಬ್ಬರ ಮೇಲೆ ಅಪವಾದ ಎಸೆಯುವವನು, ಚಾಡಿಕೋರ. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತರುವಾಗ ‘ಎದುರಾಳಿ’ ಎಂಬ ಅರ್ಥದ ‘ಸಾಟಾನ್’ಗೆ ಈ ಪದ ಹಾಕಿದರು. ‘ದೇವ’ನಿಗೆ ಇಲ್ಲಿ ಜಾಗವಿಲ್ಲ. ‘ಡಿವೈನ್’, ‘ಡೀಟಿ’ ಪದಗಳಲ್ಲಿ ಮಾತ್ರ ಲ್ಯಾಟಿನ್ನಿನ ಮೂಲಕ ಬಂದ ಅವನ ಬಂಧುಗಳಿದ್ದಾರೆ.

ನಿಯಮ ಕೆಡವುವುದಷ್ಟೇ ಅಲ್ಲ, ಕಟ್ಟಿಯೂ ಕೊಡುತ್ತದೆ. ನನಗೆ ಈ ಇಡೀ ಗುಂಪಿನಲ್ಲಿ ಅತ್ಯಂತ ಇಷ್ಟವಾದದ್ದು ‘ವೇರ್‌ವುಲ್ಫ್’, ಹುಣ್ಣಿಮೆಗೆ ತೋಳನಾಗುವ ಮನುಷ್ಯ. ಅದನ್ನು ನಡುವೆ ಸೀಳಿ. ‘ವೇರ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಗಂಡಸು, ಲ್ಯಾಟಿನ್ನಿನಲ್ಲಿ ‘ವಿರ್’, ಸಂಸ್ಕೃತದಲ್ಲಿ ‘ವೀರ’. ‘ವುಲ್ಫ್’ನ ಸಂಸ್ಕೃತ ಸೋದರ ‘ವೃಕ’, ಭೀಮನನ್ನು ‘ವೃಕೋದರ’ ಎನ್ನುವಾಗ ನಾವು ಆಡುವ ಪದವೇ. ಕೂಡಿಸಿದರೆ ಎರಡು ತುಂಡೂ ನಮ್ಮ ಪುರಾಣ ಓದುವವರಿಗೆ ಪರಿಚಿತ. ‘ವೃಕ’ದ ‘ಕ’ಕ್ಕೆ ‘ವುಲ್ಫ್’ನಲ್ಲಿ ‘ಫ’ ಯಾಕೆ ಬಂತು ಎಂದು ಕೇಳಲೇಬೇಕು, ನಿಯಮದಂತೆ ಅಲ್ಲಿ ‘ಹ’ಕಾರ ಬೇಕಿತ್ತು. ಮೂಲದ ಧ್ವನಿ ತುಟಿ ದುಂಡಗಾದ ‘ಕ್ವ’. ತುಟಿಯ ಧ್ವನಿಗಳ ಸಹವಾಸದಲ್ಲಿ ಅದು ಕೆಲವು ಕಡೆ ‘ಫ’ ಆಗಿದೆ. ಲ್ಯಾಟಿನ್ನಿನ ‘ಕ್ವಾತುಓರ್’, ನಮ್ಮ ‘ಚತುರ್’ ಎದುರಿಗೆ ಇಂಗ್ಲಿಷಿನ ‘ಫೋರ್’ ನಿಂತಿರುವುದು ಇನ್ನೊಂದು ಉದಾಹರಣೆ.

‘ವಿಯರ್ಡ್’ನ ಬೇರು ‘ತಿರುಗು’ ಎಂಬುದು. ಸಂಸ್ಕೃತದಲ್ಲಿ ಅದು ‘ವೃತ್’. ನಮ್ಮ ವೃತ್ತ, ಆವರ್ತ, ಪರಿವರ್ತನೆ, ವರ್ತಮಾನ ಎಲ್ಲವೂ ಆ ಮನೆಯವು. ವಿಧಿ ಎಂದರೆ ತಿರುಗಿ ಬಂದದ್ದು, ಆದದ್ದು.

ಇದೇ ಹುರುಪಿನಲ್ಲಿ ‘ಮ್ಯಾಜಿಕ್’ಗೆ ‘ಮಾಯೆ’ಯನ್ನು ಅಂಟಿಸಬೇಡಿ. ಮ್ಯಾಜಿಕ್‌ನ ದಾರಿ ಫ್ರೆಂಚ್, ಲ್ಯಾಟಿನ್, ಗ್ರೀಕ್ ದಾಟಿ ಹಳೆಯ ಪರ್ಷಿಯನ್ನಿನ ‘ಮಗುಶ್’ಗೆ ಮುಟ್ಟುತ್ತದೆ. ಅದು ಪುರೋಹಿತ ವರ್ಗವೊಂದರ ಹೆಸರು. ಕ್ರಿಸ್ತಪೂರ್ವ 6ನೆಯ ಶತಮಾನದ ಕೊನೆಯಲ್ಲಿ ಪರ್ಷಿಯದ ದೊರೆ ದಾರಿಯಸ್ ಬೆಹಿಸ್ತೂನ್ ಬಂಡೆಯಲ್ಲಿ ಕೆತ್ತಿಸಿದ ಶಾಸನದಲ್ಲಿದೆ. ಭಾರತದ ನಂಟು ಬೇಕೆಂದರೆ ನಿಜವಾದದ್ದೇ ಇದೆ. ಸಾಂಬಪುರಾಣ ಹೇಳುವ ಸೂರ್ಯಪೂಜಕ ‘ಮಗ’ ಬ್ರಾಹ್ಮಣರ ಹೆಸರು ಆ ಇರಾನಿ ಪದದ್ದೇ.

ಹಂತ 6: ಚೆಂದದ ಕಥೆ ಸಿಕ್ಕಿದರೆ ಎರಡು ಸಲ ನೋಡಿ

ಅರ್ಥವಾಗದ ಪದವನ್ನು ಜನ ತಮಗೆ ಗೊತ್ತಿರುವ ಪದದ ಅಚ್ಚಿಗೆ ಹಾಕುತ್ತಾರೆ. ಇದನ್ನು ಜನಪದ ನಿರುಕ್ತಿ ಎನ್ನುತ್ತೇವೆ, ಮತ್ತು ಇದು ಪದದ ರೂಪವನ್ನೇ ಬದಲಿಸಬಲ್ಲದು. ‘ನೆಕ್ರೊಮ್ಯಾನ್ಸಿ’ ಗ್ರೀಕಿನಲ್ಲಿ ಸತ್ತವರನ್ನು ಕರೆದು ಕಣಿ ಕೇಳುವುದು. ‘ನೆಕ್ರೊಸ್’ ಎಂದರೆ ಹೆಣ. ನಡುಗಾಲದ ಲ್ಯಾಟಿನ್ ಲಿಪಿಕಾರರು ಅದರಲ್ಲಿ ಕಪ್ಪು ಎಂಬ ಅರ್ಥದ ‘ನಿಗೆರ್’ ಕಂಡು ‘ನಿಗ್ರೊಮಾಂತಿಯ’ ಎಂದು ಬರೆದರು. ‘ಬ್ಲ್ಯಾಕ್ ಆರ್ಟ್’ ಎಂಬ ಹೆಸರು ಆ ತಪ್ಪಿನ ಫಲ.

ಅನುವಾದಕರ ಕಿವಿಯೂ ಹೀಗೆ ಮಾಡುತ್ತದೆ. ಅರಬ್ಬಿಯ ‘ಜಿನ್ನಿ’ಗೆ ಆಂತ್ವಾನ್ ಗಲಾಂ 1704ರಿಂದ ಅಚ್ಚಾದ ತನ್ನ ಅರೇಬಿಯನ್ ಕಥೆಗಳ ಫ್ರೆಂಚ್ ಅನುವಾದದಲ್ಲಿ ‘ಜೆನಿ’ ಎಂದು ಹಾಕಿದ. ಅದು ರೋಮನರ ಕಾವಲು ದೈವ ‘ಗೆನಿಯುಸ್’ನಿಂದ ಬಂದ ಪದ. ಧ್ವನಿ, ಅರ್ಥ ಎರಡೂ ಹತ್ತಿರ, ಹುಟ್ಟು ಮಾತ್ರ ಬೇರೆ. ಇಂಗ್ಲಿಷಿನ ‘ಜೀನಿ’ಗೆ ನೋಟ್‌ಬುಕ್ಕಿನಲ್ಲಿ ಎರಡು ದಾರಿಗಳನ್ನೂ ಬರೆಯಬೇಕಾಗುತ್ತದೆ.

‘ಹೋಕಸ್ ಪೋಕಸ್’ 17ನೆಯ ಶತಮಾನದ ಜಾದೂಗಾರರ ಬಾಯಿಮಾತು. ಚರ್ಚಿನಲ್ಲಿ ಪಾದ್ರಿ ಹೇಳುವ ‘ಹೋಕ್ ಎಸ್ಟ್ ಕೋರ್ಪುಸ್ ಮೆಉಮ್’, ಅಂದರೆ ‘ಇದು ನನ್ನ ದೇಹ’ ಎಂಬುದರ ಅಣಕ ಎಂದು ಆರ್ಚ್‌ಬಿಷಪ್ ಟಿಲಟ್‌ಸನ್ ಹೇಳಿದ. ಅವನು ಕ್ಯಾಥೊಲಿಕ್ ವಿಧಿಗಳ ವಿರುದ್ಧ ವಾದಿಸುತ್ತಿದ್ದ ಪ್ರಾಟೆಸ್ಟೆಂಟ್. ಕಥೆ ಹೇಳುವವನಿಗೆ ಅದರಿಂದ ಲಾಭವಿದೆಯೇ ಎಂದು ಕೇಳುವುದನ್ನು ಇಲ್ಲಿ ಕಲಿಯಬೇಕು. ಅಂಕಣದಲ್ಲಿ ‘ಊಹೆ’ ಎಂದಷ್ಟೇ ಬರೆಯಿರಿ. ‘ಅಬ್ರಕಡಾಬ್ರ’ಕ್ಕೂ ಅಷ್ಟೇ. ಅರಮೈಕಿನ ‘ನುಡಿದಂತೆ ಸೃಷ್ಟಿಸುವೆ’ ಎಂಬುದರಿಂದ ಬಂತು ಎಂಬುದಕ್ಕೆ ಆಧಾರವಿಲ್ಲ. ಆಧಾರವಿರುವುದು ಬಳಕೆಗೆ: ರೋಮಿನ ಸೆರೇನಸ್ ಸಮ್ಮೋನಿಕಸ್‌ನ ವೈದ್ಯಪದ್ಯಗಳಲ್ಲಿ ಜ್ವರಕ್ಕೆ ಈ ಪದವನ್ನು ಸಾಲಿಗೊಂದು ಅಕ್ಷರ ಕಡಿಮೆ ಮಾಡುತ್ತ ತ್ರಿಕೋನವಾಗಿ ಬರೆದು ಕೊರಳಿಗೆ ಕಟ್ಟಲು ಹೇಳಿದೆ. ಅಕ್ಷರ ಕರಗಿದ ಹಾಗೆ ಜ್ವರವೂ ಕರಗಬೇಕು. ನಮ್ಮ ತಾಯಿತ ಕಟ್ಟುವವರಿಗೆ ಆ ತರ್ಕ ಕೂಡಲೇ ಅರ್ಥವಾಗುತ್ತಿತ್ತು.

ಹಂತ 7: ಅರ್ಥ ಏರಿತೋ ಇಳಿಯಿತೋ

‘ಡೀಮನ್’ನ ಹಿಂದಿರುವ ಗ್ರೀಕ್ ‘ದೈಮೋನ್’ ಒಳ್ಳೆಯದೂ ಕೆಟ್ಟದೂ ಆಗಿರಬಹುದಾದ ದೈವ. ಕ್ರೈಸ್ತ ಧರ್ಮ ಬಂದ ಮೇಲೆ ಕೆಟ್ಟದ್ದಾಗಿ ಮಾತ್ರ ಉಳಿಯಿತು. ಕನ್ನಡದಲ್ಲಿ ಇದರ ಜೋಡಿ ಕಣ್ಣೆದುರಿಗೇ ಇದೆ. ‘ದೆವ್ವ’ ಎಂಬುದು ‘ದೈವ’ದ ತದ್ಭವ. ‘ಮಾಟ’ ಕೂಡ ‘ಮಾಡು’ವಿನಿಂದ ಬಂದದ್ದು; ಹಳಗನ್ನಡದಲ್ಲಿ ರಚನೆ, ಚೆಲುವು ಎಂಬ ಅರ್ಥವಿದ್ದದ್ದು ಈಗ ವಾಮಾಚಾರಕ್ಕೆ ಇಳಿದಿದೆ.

ಅನುವಾದದಲ್ಲಿ ಈ ಇಳಿಜಾರು ನೋವನ್ನೂ ಉಂಟುಮಾಡುತ್ತದೆ. ಮದ್ರಾಸ್ ಪ್ರಾಂತ್ಯದ ಸಿವಿಲ್ ಸೇವೆಯಲ್ಲಿದ್ದ ಎ. ಸಿ. ಬರ್ನೆಲ್ ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು (ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು) ಕಲೆಹಾಕಿದ್ದ, ಅವನ ಮರಣಾನಂತರ 1894ರಿಂದ ಅವು ಅಚ್ಚಾದವು. ದೊಡ್ಡ ಉಪಕಾರ. ಆದರೆ ತಲೆಬರಹದಲ್ಲಿ ಆ ಆರಾಧನೆಗೆ ಇಟ್ಟ ಹೆಸರು ‘ಡೆವಿಲ್ ವರ್ಶಿಪ್’. ಊರನ್ನು ಕಾಯುವ, ನ್ಯಾಯ ಹೇಳುವ ದೈವಗಳಿಗೆ ಚಾಡಿಕೋರ ಎಂಬ ಪದ ಅಂಟಿಕೊಂಡಿತು. ಪದಮೂಲ ಗೊತ್ತಿದ್ದವರು ಹೀಗೆ ಅನುವಾದಿಸಲಾರರು.

ಹಂತ 8: ನಿಲ್ಲಬೇಕಾದ ಕಡೆ ನಿಲ್ಲಿ

ಕೊನೆಗೆ ‘ವಿಚ್’. ‘ವಿಜರ್ಡ್’ ‘ವೈಸ್’ನಿಂದ ಬಂದದ್ದರಿಂದ ವಿಚ್ ಕೂಡ ‘ಜಾಣೆ’ ಎಂದು ಎಷ್ಟೋ ಪುಸ್ತಕಗಳು ಬರೆಯುತ್ತವೆ. ಹಳೆಯ ಇಂಗ್ಲಿಷಿನ ರೂಪಗಳು ಹೆಣ್ಣಿಗೆ ‘ವಿಚ್ಚೆ’, ಗಂಡಿಗೆ ‘ವಿಚ್ಚ’. ಮಾಟವನ್ನು ಧರ್ಮವಾಗಿ ಆಚರಿಸುವ ಇಂದಿನ ‘ವಿಕ್ಕ’ ಪಂಥದವರು ಅದೇ ಕಾಗುಣಿತವನ್ನು ಇಟ್ಟುಕೊಂಡು ‘ಕ’ಕಾರದಿಂದ ಓದುತ್ತಾರೆ, 9ನೆಯ ಶತಮಾನದ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಕಾಲದಲ್ಲಿ ಅದು ‘ಚ’ಕಾರ. ಅಲ್ಲಿಂದ ಹಿಂದಕ್ಕೆ ಹೋದರೆ ಕಣಿ ಹೇಳುವುದು, ಪವಿತ್ರ, ಎಚ್ಚರಿಸುವುದು ಎಂಬ ಅರ್ಥಗಳ ಬೇರೆ ಬೇರೆ ಬೇರುಗಳನ್ನು ವಿದ್ವಾಂಸರು ಸೂಚಿಸಿದ್ದಾರೆ. ಯಾವುದಕ್ಕೂ ಧ್ವನಿ ಮತ್ತು ಅರ್ಥ ಎರಡೂ ಪೂರ್ತಿ ಕೂಡಿಬರುವುದಿಲ್ಲ. ‘ವೈಸ್’ಗಂತೂ ಧ್ವನಿಯೇ ಕೂಡುವುದಿಲ್ಲ. ಆದ್ದರಿಂದ ನಮೂದು ಹೀಗಿರಲಿ:

ಪದ: ವಿಚ್. ಮೊದಲ ದಾಖಲೆ: 9ನೆಯ ಶತಮಾನದ ಕೊನೆ, ಆಲ್ಫ್ರೆಡ್‌ನ ಕಾನೂನುಗಳು. ಆಗಿನ ಅರ್ಥ: ಮಾಟ ಮಾಡುವವರು, ಗಂಡು ಹೆಣ್ಣು ಇಬ್ಬರೂ. ಬಂದ ದಾರಿ: ಅಚ್ಚ ಹಳೆಯ ಇಂಗ್ಲಿಷ್, ವಿಚ್ಚೆ ಮತ್ತು ವಿಚ್ಚ. ಎಷ್ಟು ಖಚಿತ: ಇಲ್ಲಿಯವರೆಗೆ ಪೂರ್ತಿ, ಇದರ ಹಿಂದೆ ಅನಿಶ್ಚಿತ.